ಎಲೆ ಚಿತ್ರದೊಳಗೆ ಹೋಗುತ್ತಿಲ್ಲ, ಮೇಲೆ ಅಂಟಿಕೊಂಡೇ ಇರುತ್ತದೆ. ಏನು ಮಾಡಲಿ?

ಹಸಿರುಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷ ಬರೀ ಜಲವರ್ಣ ಮಾಡುತ್ತಿದ್ದೆ. ಈ ವರ್ಷ ಮಿಕ್ಸೆಡ್ ಮೀಡಿಯಾ ಹಿಡಿದಿದ್ದೇನೆ. ಅಕ್ರಿಲಿಕ್, ಹರಿದ ಕಾಗದ, ನೂಲು, ಒಣ ಎಲೆ, ತೊಗಟೆ, ಹೀಗೆ.

ವಾರಕ್ಕೊಮ್ಮೆ ಬೆಳಗ್ಗೆ ಬೇಗ ಎದ್ದು ಒಂದು ಗುಡ್ಡದ ಕಡೆ ನಡೆಯಲು ಹೋಗುತ್ತೇನೆ. ಗುಡ್ಡದ ಬುಡದಲ್ಲಿ ಒಂದು ಸಣ್ಣ ಹಳ್ಳ ಇದೆ. ಅಲ್ಲಿ ನಿಂತಾಗ ಮನಸ್ಸು ತುಂಬಿ ಬರುತ್ತದೆ. ಇವತ್ತು ಮನೆಗೆ ಹೋಗಿ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ಬರುವಾಗ ಚೀಲದ ತುಂಬ ಎಲೆ, ಕಡ್ಡಿ, ಕಲ್ಲು. ಫೋನಿನಲ್ಲಿ ಐವತ್ತು ಅರವತ್ತು ಫೋಟೋ.

ಮೇಜಿನ ಮುಂದೆ ಕೂತ ಮೇಲೆ ಬರುವುದು ಮಾತ್ರ ಪ್ರತಿ ಸಲ ಒಂದೇ ಚಿತ್ರ. ಹಿಂದೆ ನೀಲಿ ಗುಡ್ಡ, ಮಧ್ಯೆ ಹಸಿರು, ಮುಂದೆ ಅಂಟಿಸಿದ ಒಂದು ನಿಜವಾದ ಎಲೆ. ಆ ಎಲೆ ಚಿತ್ರಕ್ಕೆ ಸೇರುವುದೇ ಇಲ್ಲ. ಯಾರೋ ತಂದು ಇಟ್ಟು ಮರೆತು ಹೋದ ಹಾಗೆ ಕೂತಿರುತ್ತದೆ. ಗುಡ್ಡದ ಹತ್ತಿರ ನನಗೆ ಆಗಿದ್ದರಲ್ಲಿ ಒಂದು ಚೂರೂ ಕಾಗದಕ್ಕೆ ಬಂದಿರುವುದಿಲ್ಲ.

ಜೊತೆಗೆ ಬೇರೆ ತೊಂದರೆಗಳೂ ಇವೆ. ಕಾಗದ ಸುರುಳಿ ಸುತ್ತುತ್ತದೆ. ಹಸಿರಾಗಿದ್ದ ಎಲೆ ಎರಡು ತಿಂಗಳಿಗೆ ಕಂದಾಯಿತು. ಇಷ್ಟಪಟ್ಟು ಮಾಡಿದ ಒಂದಕ್ಕೆ ಬೂಷ್ಟು ಬಂದು ಎಸೆಯಬೇಕಾಯಿತು, ಅವತ್ತು ತುಂಬಾ ಬೇಜಾರಾಯಿತು. ಪ್ರಕೃತಿಯನ್ನು ನೋಡಿ ಈ ಥರದ ಕೆಲಸ ಮಾಡುವವರು ನೀವೆಲ್ಲ ಎಲ್ಲಿಂದ ಶುರು ಮಾಡುತ್ತೀರಿ? ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.

ಕಾಗದಪ್ರಿಯ ಉತ್ತರಿಸಿದ್ದು:

ಮೊದಲು ಬೂಷ್ಟು, ಸುರುಳಿ ಇವನ್ನು ಮುಗಿಸಿಬಿಡೋಣ. ಸ್ಫೂರ್ತಿಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಬೂಷ್ಟು ಬರುವುದು ಎಲೆಯೊಳಗೆ ತೇವ ಉಳಿದಾಗ. ನೀರು ಹೀರುವ ಕಾಗದದ ನಡುವೆ ಎಲೆ ಇಟ್ಟು ಮೇಲೆ ಭಾರ ಹೇರಿ. ಮೊದಲ ವಾರ ದಿನಾ ಕಾಗದ ಬದಲಾಯಿಸಿ. ಎರಡು ಮೂರು ವಾರ ಬಿಡಿ. ಎತ್ತಿ ಹಿಡಿದರೆ ಬಾಗದೆ ನೆಟ್ಟಗೆ ನಿಲ್ಲಬೇಕು, ಮುಟ್ಟಿದರೆ ತಣ್ಣಗೆ ಅನ್ನಿಸಬಾರದು. ದಪ್ಪ, ರಸಭರಿತ ಎಲೆಗಳನ್ನು ಬಿಟ್ಟುಬಿಡಿ, ಅವು ಸರಿಯಾಗಿ ಒಣಗುವುದಿಲ್ಲ. ತೊಗಟೆ, ಬೀಜ ತಂದರೆ ಒಳಗೆ ಹುಳ ಇರಬಹುದು. ಗಾಳಿಯಾಡದ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ. ತಣ್ಣಗಿರುವ ವಸ್ತುವಿಗೆ ಗಾಳಿ ತಾಗಿದರೆ ಮೇಲೆ ನೀರು ಕಟ್ಟುತ್ತದೆ.

ಹಸಿರು ಹೋಗುವುದನ್ನು ತಡೆಯುವುದು ಕಷ್ಟ. ಹಸಿರು ಕೊಡುವ ಕ್ಲೋರೋಫಿಲ್ ಬೆಳಕಿಗೆ ಒಡೆದು ಹೋಗುತ್ತದೆ. ಕಂದಾಗಲಿ ಎಂದು ಒಪ್ಪಿಕೊಂಡು ಅದಕ್ಕೆ ಹೊಂದುವ ಬಣ್ಣ ಸುತ್ತ ಹಾಕಿ. ಇಲ್ಲವೇ ಎಲೆಯನ್ನು ಅಚ್ಚೊತ್ತಲು ಮಾತ್ರ ಬಳಸಿ.

ಕಾಗದ 300 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ತೆಳು ಬೇಡ. ಮುಂದೆ ಹಚ್ಚಿದ ಹಾಗೆ ಹಿಂದೆಯೂ ಒಂದು ಕೋಟ್ ಜೆಸ್ಸೋ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) ಹಚ್ಚಿ. ಎರಡೂ ಕಡೆಯಿಂದ ಒಂದೇ ಸಮ ಎಳೆತ ಬಿದ್ದರೆ ಅಷ್ಟು ಸುತ್ತುವುದಿಲ್ಲ. ಇನ್ನೊಂದು ಮಾತು, ಆಯಿಲ್ ಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಬೇಡಿ, ಹಿಡಿಯುವುದಿಲ್ಲ. ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ ಆಯಿಲ್ ಹಚ್ಚಬಹುದು.

ಕೆರೆಯಂಚು ಉತ್ತರಿಸಿದ್ದು:

ಹಸಿರುಗೆರೆ ಅವರೇ, ಯಾರೋ ತಂದು ಇಟ್ಟು ಮರೆತು ಹೋದ ಹಾಗೆ ಎಂದಿರಲ್ಲ, ಅದನ್ನು ಓದಿ ಬರೆಯದೆ ಇರಲಾಗಲಿಲ್ಲ. ಸುಮಾರು ಮೂರು ವರ್ಷ ನನ್ನ ಕೆಲಸವೂ ಹಾಗೇ ಇತ್ತು. ಅದರಿಂದ ಹೊರಗೆ ಬಂದದ್ದು ಒಂದು ಬತ್ತಿದ ಕೆರೆಯಿಂದ. ಆ ಕಥೆಯನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಬೇಸಿಗೆಯಲ್ಲಿ ಒಂದು ದಿನ ನೀರಿನ ಚಿತ್ರ ಮಾಡೋಣ ಎಂದು ಹೋದೆ. ನೀರೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಬಿರುಕು ಬಿಟ್ಟ ಕೆಸರು. ಅಷ್ಟು ದೂರ ನಡೆದು ಹೋಗಿದ್ದೆ, ಹಾಗೇ ಹಿಂದಿರುಗಲು ಮನಸ್ಸಾಗಲಿಲ್ಲ. ಸುಮ್ನೆ ಕೂತೆ. ಬೇರೆ ನೋಡಲು ಏನೂ ಇಲ್ಲದ್ದರಿಂದ ಬಿರುಕುಗಳನ್ನೇ ನೋಡಿದೆ.

ಅರ್ಧ ಗಂಟೆ ಕಳೆದ ಮೇಲೆ ಒಂದೊಂದೇ ಕಾಣತೊಡಗಿತು. ದಂಡೆಯ ಹತ್ತಿರ ಕೆಸರಿನ ಪದರ ತೆಳು. ಅಲ್ಲಿ ಚೂರುಗಳು ಅಂಗೈಗಿಂತ ಚಿಕ್ಕವು. ನಡುವಿನ ಕಡೆ ಹೋದ ಹಾಗೆ ಪದರ ದಪ್ಪ, ಚೂರುಗಳೂ ದೊಡ್ಡವು. ಎಷ್ಟೋ ಚೂರುಗಳ ಅಂಚು ಬಟ್ಟಲಿನ ಹಾಗೆ ಮೇಲಕ್ಕೆ ಎದ್ದಿತ್ತು. ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಕೆಳಗಿನದು ಇನ್ನೂ ಹಸಿ ಇರುತ್ತದೆ, ಅದಕ್ಕೇ ಅಂಚು ಏಳುತ್ತದೆ. ಒಂದು ಬಿರುಕು ಬಂದು ಇನ್ನೊಂದನ್ನು ನೇರವಾಗಿ ಗುದ್ದಿ ನಿಂತಿತ್ತು, ಬೀದಿ ಬಂದು ಬೀದಿಗೆ ಸೇರಿದ ಹಾಗೆ. ಆಮೇಲೆ ಎರಡು ಮೂರು ಸಲ ಮಳೆ ಬಿದ್ದು ಮತ್ತೆ ಒಣಗಿದಾಗ ಹೋಗಿ ನೋಡಿದೆ. ಕೆಲವು ಕಡೆ ಆ ಮೂಲೆಗಳು ಬದಲಾಗಿದ್ದವು. ಮೂರು ಬಿರುಕುಗಳು ಕವಲೊಡೆದ ಕೊಂಬೆಯ ಹಾಗೆ ಒಂದು ಕಡೆ ಕೂಡುತ್ತಿದ್ದವು. ಕೆಸರು ಪದೇ ಪದೇ ನೆನೆದು ಒಣಗಿದರೆ ಹಾಗಾಗುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ.

ಮನೆಗೆ ಬಂದು ಆ ಬಿರುಕುಗಳ ಚಿತ್ರ ಬರೆಯಲು ಕೂತೆ. ಬ್ರಷ್ಷಿನಲ್ಲಿ ಗೆರೆ ಎಳೆದರೆ ಅದು ಗೆರೆಯಾಗಿಯೇ ಇತ್ತು, ಬಿರುಕಾಗಲಿಲ್ಲ. ಆಗ ಒಂದು ಯೋಚನೆ ಬಂತು. ಕೆರೆ ಗೆರೆ ಎಳೆದಿಲ್ಲವಲ್ಲ! ಅದು ಒಣಗಿತು, ಅಷ್ಟೇ. ಹಾಗಾದರೆ ನನ್ನ ಹಲಗೆಯ ಮೇಲೆಯೂ ಏನಾದರೂ ಒಣಗಬೇಕು.

ಒಣಗಿದಾಗ ತಾನಾಗಿ ಬಿರುಕು ಬಿಡುವ ಕ್ರ್ಯಾಕಲ್ ಪೇಸ್ಟ್ ತೆಗೆದುಕೊಂಡು ಗಟ್ಟಿ ಮರದ ಹಲಗೆಯ ಮೇಲೆ ಹರಡಿದೆ. ಕ್ಯಾನ್ವಾಸ್ ಬೇಡ, ಬಾಗಿದರೆ ಪೇಸ್ಟ್ ಉದುರುತ್ತದೆ. ಒಂದು ಅಂಚಿನಲ್ಲಿ 1 ಮಿಲಿಮೀಟರ್, ಇನ್ನೊಂದು ಅಂಚಿನಲ್ಲಿ 5 ಮಿಲಿಮೀಟರ್ ದಪ್ಪ ಬರುವ ಹಾಗೆ ಇಳಿಜಾರಾಗಿ ಎಳೆದೆ. ಬಿಸಿಗಾಳಿ ಊದಲಿಲ್ಲ, ಹಾಗೇ ಬಿಟ್ಟೆ. ಮೂರನೆಯ ದಿನ ನೋಡಿದರೆ ತೆಳುವಿದ್ದ ಕಡೆ ಕೂದಲಿನಂಥ ಸಣ್ಣ ಬಿರುಕು, ದಪ್ಪಗಿದ್ದ ಕಡೆ ಅಗಲ ಬಿರುಕು, ದೊಡ್ಡ ಚೂರು. ದಂಡೆಯಿಂದ ನಡುವಿನವರೆಗೆ ಕೆರೆಯಲ್ಲಿ ನಡೆದದ್ದೇ ಇಲ್ಲಿ ನಡೆದಿತ್ತು. ನಿಜ ಹೇಳುತ್ತೇನೆ, ಆ ಬೆಳಗ್ಗೆ ನನ್ನ ಕೈ ನಡುಗಿತು.

ಕಂದು ಬಣ್ಣವನ್ನು ನೀರಿನಲ್ಲಿ ತೆಳುಮಾಡಿ ಮೇಲೆ ಸುರಿದು ಬಟ್ಟೆಯಿಂದ ಒರೆಸಿದೆ. ಬಣ್ಣ ಬಿರುಕಿನೊಳಗೆ ಮಾತ್ರ ಉಳಿಯಿತು. ಆಮೇಲೆ ತಂದಿಟ್ಟಿದ್ದ ಒಣ ಹುಲ್ಲಿನ ಕಡ್ಡಿಗಳಲ್ಲಿ ಮೂರನ್ನು ಆರಿಸಿ ಬಿರುಕಿನೊಳಗೆ ನಿಲ್ಲಿಸಿದೆ. ಬೇರೆಲ್ಲೂ ಇಡಲಿಲ್ಲ. ಕೆರೆಯಲ್ಲಿ ಹುಲ್ಲು ಮೊಳೆತದ್ದು ಬಿರುಕಿನಲ್ಲೇ, ತೇವ ಉಳಿದದ್ದು ಅಲ್ಲೇ. ಮೊದಲ ಸಲ ನಾನು ತಂದ ವಸ್ತು ಚಿತ್ರದ ಮೇಲೆ ಕೂರದೆ ಒಳಗೆ ಹೋಯಿತು. ಅದಕ್ಕೆ ಅಲ್ಲಿರಲು ಒಂದು ಕಾರಣ ಇತ್ತು ಅನ್ನಿಸಿತು.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಎಲ್ಲಿಗೆ ಹೋದರೂ ಮೊದಲು ಪುಸ್ತಕದಲ್ಲಿ ಚಿತ್ರ ಬರೆಯುವುದಿಲ್ಲ, ಕ್ರಿಯಾಪದ ಬರೆಯುತ್ತೇನೆ. ಇಲ್ಲಿ ಏನು ನಡೆಯುತ್ತಿದೆ? ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಮಾತುಗಳಿವೆ ನೋಡಿ. ನೀರೊಂದನ್ನೇ ತೆಗೆದುಕೊಳ್ಳಿ. ಜಿನುಗುವುದು ಬೇರೆ, ಒಸರುವುದು ಬೇರೆ, ತೊಟ್ಟಿಕ್ಕುವುದು ಬೇರೆ, ಇಂಗುವುದು ಬೇರೆ, ಕೊಚ್ಚಿ ಹೋಗುವುದು ಬೇರೆ. ಎಲೆ ಉದುರುತ್ತದೆ, ಮುರುಟುತ್ತದೆ, ತರಗಾಗುತ್ತದೆ, ಕೊಳೆಯುತ್ತದೆ. ಬಳ್ಳಿ ಹಬ್ಬುತ್ತದೆ. ತೊಗಟೆ ಸುಲಿಯುತ್ತದೆ. ಕಲ್ಲು ಸವೆಯುತ್ತದೆ. ಇವುಗಳಲ್ಲಿ ಎಷ್ಟೋ ಮಾತನ್ನು ಕಾಗದದ ಮೇಲೆ ಹಾಗೇ ಮಾಡಬಹುದು. ಸುಲಿಯುವುದೆಂದರೆ ಅಂಟಿಸಿದ ಕಾಗದ ಅರ್ಧ ಒಣಗಿದಾಗ ಕಿತ್ತು ತೆಗೆಯುವುದು. ಸವೆಯುವುದೆಂದರೆ ನಾಲ್ಕೈದು ಬಣ್ಣದ ಪದರ ಹಾಕಿ ಮರಳು ಕಾಗದದಲ್ಲಿ ಉಜ್ಜುವುದು. ಇಂಗುವುದೆಂದರೆ ಜೆಸ್ಸೋ ಹಚ್ಚದ ಬಟ್ಟೆಯ ಮೇಲೆ ಮಸಿ ಬಿಡುವುದು. ಹಬ್ಬುವುದಕ್ಕೆ ನೂಲಿನ ಹೊಲಿಗೆ ಇದೆ. ಒಂದು ಚಿತ್ರಕ್ಕೆ ಒಂದು ಮಾತು ಸಾಕು. ಎರಡಾದರೆ ಪರವಾಗಿಲ್ಲ. ಐದಾದರೆ ನನಗಂತೂ ಕೆಡುತ್ತದೆ.

ಈ ದಾರಿಯಲ್ಲಿ ಹಿಂದೆಯೂ ಜನ ನಡೆದಿದ್ದಾರೆ. ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಹಳೆಯ ಮರದ ನೆಲದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರು. ಮರದ ಗೆರೆಗಳು ತಾವಾಗಿ ಮೂಡಿದವು. ಆಮೇಲೆ ಎಲೆಗಳ ಮೇಲೂ ಹಾಗೇ ಉಜ್ಜಿದರು. ಆ ಗುರುತುಗಳಲ್ಲಿ ಅವರಿಗೆ ಕಾಡು, ಹಕ್ಕಿ ಎಲ್ಲ ಕಾಣಿಸಿತು. ಫ್ರಾಟಾಜ್ ಎನ್ನುವುದು ಅದನ್ನೇ. ನಿಮ್ಮ ಗುಡ್ಡದ ಮರಗಳ ಮೇಲೆ ತೆಳು ಕಾಗದ ಇಟ್ಟು ಮೇಣದ ಬಳಪದಿಂದ ಉಜ್ಜಿ ನೋಡಿ. ಒಂದು ಮರದ ಹಾಗೆ ಇನ್ನೊಂದು ಬರುವುದಿಲ್ಲ. ಆ ಕಾಗದಗಳನ್ನೇ ಹರಿದು, ಅಂಟಿಸಿ ಕೊಲಾಜ್ ಮಾಡಬಹುದು. ತೊಗಟೆ ಕೀಳಬೇಕಾಗಿಯೇ ಇಲ್ಲ.

ನನಗೆ ಜಾಸ್ತಿ ಹತ್ತಿರ ಅನ್ನಿಸುವವರು ಕರ್ಟ್ ಶ್ವಿಟರ್ಸ್. ಬಸ್ ಟಿಕೆಟ್, ರದ್ದಿ ಕಾಗದ ಅಂಟಿಸಿ ಕೊಲಾಜ್ ಮಾಡಿದವರು ಎಂದೇ ಅವರು ಗೊತ್ತು. ಜರ್ಮನಿಯಿಂದ ತಪ್ಪಿಸಿಕೊಂಡು ಕೊನೆಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಭಾವಚಿತ್ರ, ನಿಸರ್ಗಚಿತ್ರ ಬರೆಯುತ್ತಿದ್ದರು. 1947ರಲ್ಲಿ ಎಲ್ಟರ್‌ವಾಟರ್ ಎಂಬಲ್ಲಿ ಒಂದು ಕಲ್ಲಿನ ಕೊಟ್ಟಿಗೆಯ ಗೋಡೆಯ ಮೇಲೆ ಗಾರೆ ಮೆತ್ತಿ, ಸುತ್ತಮುತ್ತ ಸಿಕ್ಕ ಕಲ್ಲು, ಕಡ್ಡಿ ಎಲ್ಲ ಅದರೊಳಗೆ ಸೇರಿಸಿದರು. ಮುಗಿಸುವ ಮೊದಲೇ, 1948ರ ಜನವರಿಯಲ್ಲಿ ತೀರಿಕೊಂಡರು. ಆ ಗೋಡೆಯನ್ನು 1965ರಲ್ಲಿ ಇಡೀ ಕಿತ್ತು ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು, ಈಗಲೂ ಅಲ್ಲೇ ಇದೆ. ಅದರ ಫೋಟೋ ನೋಡಿ. ಯಾವ ಕಲ್ಲೂ ಮೇಲೆ ಅಂಟಿಸಿದ ಹಾಗೆ ಕಾಣುವುದಿಲ್ಲ, ಗಾರೆಯೇ ಅದರ ಸುತ್ತ ಬೆಳೆದ ಹಾಗೆ ಇದೆ. ನಿಮ್ಮ ಎಲೆಗೂ ಅದನ್ನೇ ಮಾಡಿ. ಎಲೆಯನ್ನು ಮೊದಲು ಅಂಟಿಸಿ, ಮೇಲೆ ತೆಳು ಟಿಶ್ಯೂ ಕಾಗದ, ಅದರ ಮೇಲೆ ಬಣ್ಣ, ಆಮೇಲೆ ಒರೆಸಿ. ಎಲೆಯ ನರಗಳು ಮಾತ್ರ ಉಬ್ಬಿ ಕಾಣಲಿ.

ಇನ್ನೆರಡು ಮಾತು ಹೇಳಿ ಮುಗಿಸುತ್ತೇನೆ. ಮಣ್ಣು ತನ್ನಿ, ಒಂದು ಹಿಡಿ ಸಾಕು. ನೀರಿಗೆ ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು ಮೇಲಿನ ಕದಡು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಮರಳು ಕೆಳಗೆ ಉಳಿಯುತ್ತದೆ. ಕದಡು ನೀರು ಒಂದು ದಿನ ನಿಂತರೆ ತಳದಲ್ಲಿ ನುಣ್ಣನೆ ಬಣ್ಣ ಕೂರುತ್ತದೆ. ಒಣಗಿಸಿ, ಅರೆದು, ಗೋಂದಿನಲ್ಲೋ ಅಕ್ರಿಲಿಕ್ ಮೀಡಿಯಂನಲ್ಲೋ (ಬಣ್ಣ ಸೇರಿಸದ ಅಕ್ರಿಲಿಕ್ ದ್ರವ) ಕಲಸಿ. ಕೆಂಪು, ಹಳದಿ ಮಣ್ಣಿಗೆ ಬಣ್ಣ ಕೊಡುವುದು ಕಬ್ಬಿಣ. ಅದು ಬೆಳಕಿಗೆ ಮಾಸುವುದಿಲ್ಲ. ಹೂವಿನ ಬಣ್ಣ ಹಾಗಲ್ಲ, ಎಷ್ಟೋ ಹೂಗಳದ್ದು ಬೇಗ ಹೋಗುತ್ತದೆ. ಹಳದಿ ಮಣ್ಣನ್ನು ಚೆನ್ನಾಗಿ ಕಾಯಿಸಿದರೆ ಕೆಂಪಾಗುತ್ತದೆ, ಒಳಗಿನ ನೀರಿನಂಶ ಹೊರಟು ಹೋಗುವುದರಿಂದ. ಒಂದೇ ಜಾಗದ ಮಣ್ಣಿನಿಂದ ಎರಡು ಬಣ್ಣ!

ಎರಡನೆಯದು, ಬಿದ್ದದ್ದನ್ನು ಮಾತ್ರ ತನ್ನಿ. ಬಂಡೆಯ ಮೇಲಿನ ಕಲ್ಲುಹೂವನ್ನು ದಯವಿಟ್ಟು ಕೆರೆಯಬೇಡಿ. ಅದರ ಕೆಲವು ಬಗೆಗಳು ವರ್ಷಕ್ಕೆ 1 ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ ಒಂದು ಮಚ್ಚೆ ನಮ್ಮ ಅಜ್ಜ ಅಜ್ಜಿಗಿಂತ ಹಳೆಯದಿರಬಹುದು. ಅದನ್ನು ಕೂತು ನೋಡಿ, ಬಣ್ಣ ಬರೆದುಕೊಳ್ಳಿ.

ದೂರದಬೆಟ್ಟ ಉತ್ತರಿಸಿದ್ದು:

ಕೆರೆಯಂಚು ಅವರ ಮಾತು ಇಷ್ಟವಾಯಿತು. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ದೂರದ ದೃಶ್ಯವನ್ನು ಪೂರ್ತಿ ಬಿಡಬೇಕಾಗಿಲ್ಲ. ನಾನು ಈಗಲೂ ಗುಡ್ಡವನ್ನೇ ಮಾಡುತ್ತೇನೆ, ಗುಡ್ಡಗಳೆಂದರೆ ನನಗೆ ಅಷ್ಟು ಇಷ್ಟ.

ಆದರೆ ಅಲ್ಲಿಯೂ ಏನೋ ನಡೆಯುತ್ತಿದೆ ಅಲ್ವಾ? ದೂರದ ಗುಡ್ಡ ತಿಳಿಯಾಗಿ, ನೀಲಿಯಾಗಿ ಕಾಣುವುದು ನಡುವೆ ಇರುವ ಗಾಳಿಯಿಂದ. ಗಾಳಿ ಬೆಳಕನ್ನು ಚದುರಿಸುತ್ತದೆ. ನಾನು ಗಾಳಿಯ ಬದಲು ಟಿಶ್ಯೂ ಕಾಗದ ಇಡುತ್ತೇನೆ. ಎಲ್ಲಕ್ಕಿಂತ ಹಿಂದಿನ ಗುಡ್ಡವನ್ನು ಗಾಢ ಬಣ್ಣದಲ್ಲೇ ಬರೆದು, ಮೇಲೆ ಒಂದು ಪದರ ಬಿಳಿ ಟಿಶ್ಯೂವನ್ನು ಮ್ಯಾಟ್ ಮೀಡಿಯಂನಿಂದ (ಹೊಳಪಿಲ್ಲದ ಅಕ್ರಿಲಿಕ್ ಮೀಡಿಯಂ) ಅಂಟಿಸುತ್ತೇನೆ. ಅದರ ಮೇಲೆ ಮುಂದಿನ ಗುಡ್ಡ, ಮತ್ತೆ ಟಿಶ್ಯೂ. ನಾಲ್ಕು ಪದರ ಆಗುವ ಹೊತ್ತಿಗೆ ಹಿಂದಿನ ಗುಡ್ಡ ತಾನಾಗಿ ಮಂಜಿನೊಳಗೆ ಹೋಗಿರುತ್ತದೆ.

ಗುಡ್ಡದ ನೆತ್ತಿಗೆ ಕತ್ತರಿ ಬೇಡ, ಕೈಯಿಂದ ಹರಿಯಿರಿ. ಬಣ್ಣ ಹಚ್ಚಿದ ಕಾಗದವನ್ನು ಒಂದು ದಿಕ್ಕಿಗೆ ಎಳೆದು ಹರಿದರೆ ಅಂಚಿನಲ್ಲಿ ಬಿಳಿ ಎಳೆ ಉಳಿಯುತ್ತದೆ, ಇನ್ನೊಂದು ದಿಕ್ಕಿಗೆ ಎಳೆದರೆ ಉಳಿಯುವುದಿಲ್ಲ. ಬಿಳಿ ಉಳಿದ ಕಡೆ ಬೆಳಗಿನ ಬೆಳಕು ಬಿದ್ದ ಹಾಗೆ ಇರುತ್ತದೆ.

ಫೋಟೋ ತೆಗೆಯಿರಿ, ಆದರೆ ಕಡಿಮೆ ತೆಗೆಯಿರಿ. ನಾನು ಫೋಟೋವನ್ನು ಕಪ್ಪು ಬಿಳುಪು ಮಾಡಿ ಎಲ್ಲಿ ಗಾಢ, ಎಲ್ಲಿ ತಿಳಿ ಎಂದಷ್ಟೇ ನೋಡುತ್ತೇನೆ. ಬಣ್ಣವನ್ನು ಅಲ್ಲೇ ನಿಂತು ಮಾತಿನಲ್ಲಿ ಬರೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟಬಲ್ 1821, 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ಬರೆಯುವಾಗ ಎಷ್ಟೋ ಚಿತ್ರಗಳ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿದ್ದರು. ಇದನ್ನು ತಿಳಿದ ಮೇಲೆ ನಾನೂ ಹಾಕತೊಡಗಿದೆ. ಆರು ತಿಂಗಳ ನಂತರ ಆ ಎರಡು ಸಾಲು ಓದಿದರೆ ಆ ಬೆಳಗಿನ ಚಳಿಯೂ ನೆನಪಾಗುತ್ತದೆ.

ಒಣ ಎಲೆಗಳ ರಾಶಿ ಇದೆಯಲ್ಲ, ಸಯನೋಟೈಪ್ ಮಾಡಿ ನೋಡಿ. ರಾಸಾಯನಿಕ ಹಚ್ಚಿ ಕತ್ತಲಲ್ಲಿ ಒಣಗಿಸಿದ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಕಡುನೀಲಿಯ ನಡುವೆ ಬಿಳಿ ಎಲೆ ಮೂಡುತ್ತದೆ. 1842ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಅನ್ನಾ ಆಟ್ಕಿನ್ಸ್ ಕಡಲ ಪಾಚಿಗಳನ್ನು ಹೀಗೆ ಅಚ್ಚು ಮಾಡತೊಡಗಿದರು. ಎಲೆ ಕಂದಾಗುವ ಚಿಂತೆ ಇಲ್ಲ. ಕ್ಷಾರ ಇರುವ ಅಂಟು, ಕಾಗದ ಮಾತ್ರ ಬೇಡ, ನೀಲಿ ಮಾಸುತ್ತದೆ.

ಹಸಿರುಗೆರೆ ಮತ್ತೆ ಬರೆದದ್ದು:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಮೂರು ವಾರ ಆಯಿತು. ಪ್ರತಿ ವಾರ ಹಳ್ಳದ ಹತ್ತಿರ ಒಂದೇ ಕಲ್ಲಿನ ಮೇಲೆ ಕೂತೆ. ಮೊದಲ ವಾರ ಪುಸ್ತಕದಲ್ಲಿ ನಾಲ್ಕೇ ಮಾತು ಬಂತು. ಮೊನ್ನೆ ಒಂದು ಪುಟ ತುಂಬಿತು. ನಾನು ಆರಿಸಿಕೊಂಡಿದ್ದು ಬಳಸುವುದು. ನೀರು ಕಲ್ಲನ್ನು ಬಳಸಿಕೊಂಡು ಹೋಗುತ್ತದಲ್ಲ, ಅದು.

ಕಲ್ಲಿನ ಹಿಂದೆ ನೀರು ನಿಧಾನವಾಗುವ ಕಡೆ ಸಣ್ಣ ಮರಳಿನ ಬಾಲ ಕಟ್ಟಿರುತ್ತದೆ. ಇಷ್ಟು ದಿನ ಹೋದರೂ ಅದನ್ನು ನೋಡೇ ಇರಲಿಲ್ಲ. ಅದನ್ನು ಕಾಗದಕ್ಕೆ ತರಬೇಕು ಅಂತ ಆಸೆ. ಆದರೆ ನೀರು ಒಣಗಿದ ಮೇಲೆ ಹರಿವು ಉಳಿಯುವುದಿಲ್ಲವಲ್ಲ. ಏನು ಮಾಡಬಹುದು?

ಕೆರೆಯಂಚು ಉತ್ತರಿಸಿದ್ದು:

ಮರಳಿನ ಬಾಲ ಕಂಡಿರಿ ಎಂದು ಓದಿ ತುಂಬಾ ಖುಷಿಯಾಯಿತು. ನೀರು ಹೋದ ಮೇಲೆ ಉಳಿಯುವುದು ಅದೇ, ಅದನ್ನೇ ಹಿಡಿಯಿರಿ.

ದಪ್ಪ ಕಾಗದವನ್ನು ಹಲಗೆಗೆ ಅಂಟಿಸಿ. ಕಲ್ಲು ಬರಬೇಕಾದ ಕಡೆ ಮೇಣದ ಬತ್ತಿಯಿಂದ ಗಟ್ಟಿಯಾಗಿ ಉಜ್ಜಿ. ಮಸಿಗೆ ಜಾಸ್ತಿ ನೀರು, ಸ್ವಲ್ಪ ಅಕ್ರಿಲಿಕ್ ಮೀಡಿಯಂ, ಒಂದು ಚಿಟಿಕೆ ತೊಳೆದು ಒಣಗಿಸಿದ ನುಣ್ಣನೆ ಮರಳು ಹಾಕಿ ಕಲಕಿ. ಹಲಗೆಯನ್ನು ಒಂದು ಕಡೆ ಎರಡು ಬೆರಳಿನಷ್ಟು ಎತ್ತರಿಸಿ ಮೇಲಿನಿಂದ ನಿಧಾನವಾಗಿ ಸುರಿಯಿರಿ. ಮಸಿ ಮೇಣವನ್ನು ಬಳಸಿಕೊಂಡು ಹೋಗುತ್ತದೆ, ಮರಳು ನಿಧಾನವಾದ ಕಡೆ ಕೂರುತ್ತದೆ. ಕೂಡಲೇ ಹಲಗೆಯನ್ನು ಸಮ ಮಾಡಿ, ಮುಟ್ಟದೆ ಒಣಗಲು ಬಿಡಿ. ಮೊದಲ ನಾಲ್ಕೈದು ಹಾಳೆ ಅಭ್ಯಾಸಕ್ಕೇ ಹೋಗುತ್ತವೆ. ಅವನ್ನು ಎಸೆಯಬೇಡಿ, ಹರಿದು ಬೇರೆ ಕಡೆ ಬಳಸಬಹುದು.

ಮೇಣದ ಮೇಲೆ ಆಮೇಲೆ ಬಣ್ಣ ಹಿಡಿಯುವುದಿಲ್ಲ. ಪೂರ್ತಿ ಒಣಗಿದ ಮೇಲೆ ನೀರು ಹೀರುವ ಕಾಗದ ಇಟ್ಟು ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒತ್ತಿ ತೆಗೆದರೆ ಸುಮಾರಾಗಿ ಹೋಗುತ್ತದೆ. ಸ್ವಲ್ಪ ಉಳಿದೇ ಉಳಿಯುತ್ತದೆ. ಹಾಗಾಗಿ ಕಲ್ಲುಗಳನ್ನು ಬಿಳಿಯಾಗಿಯೇ ಬಿಡುವುದು ನನಗೆ ಇಷ್ಟ.

ಹಸಿರುಗೆರೆ ಬರೆದದ್ದು:

ಆರು ಹಾಳೆ ಮಾಡಿದೆ. ಐದನೆಯದರಲ್ಲಿ ಬಾಲ ಬಂತು! ಎರಡು ಕಲ್ಲಿನ ಹಿಂದೆ ಸ್ಪಷ್ಟವಾಗಿ ಇದೆ, ಮೂರನೆಯದರ ಹಿಂದೆ ಬರೀ ನೆರಳಿನಷ್ಟು. ಗುಡ್ಡವೂ ಇಲ್ಲ, ಎಲೆಯೂ ಇಲ್ಲ. ಮನೆಯಲ್ಲಿ ತೋರಿಸಿದಾಗ ಯಾರೂ ಏನೂ ಹೇಳುವ ಮೊದಲೇ ತಂಗಿ, "ಇದು ಹಳ್ಳ ಅಲ್ವಾ" ಎಂದಳು.

ಒಂದೇ ಅನುಮಾನ. ಬೆರಳಾಡಿಸಿದರೆ ಮರಳು ಸ್ವಲ್ಪ ಉದುರುತ್ತಿದೆ. ಮೇಲೆ ಏನಾದರೂ ಹಚ್ಚಲಾ?

ಕಾಗದಪ್ರಿಯ ಉತ್ತರಿಸಿದ್ದು:

ಬ್ರಷ್ ತಾಗಿಸಬೇಡಿ, ಬಾಲ ಅಳಿಸಿ ಹೋಗುತ್ತದೆ. ಮ್ಯಾಟ್ ಮೀಡಿಯಂಗೆ ಸಮ ನೀರು ಬೆರೆಸಿ ತುಂತುರು ಬಾಟಲಿಯಲ್ಲಿ ತುಂಬಿ, ಒಂದು ಮೊಳ ದೂರದಿಂದ ಸಿಂಪಡಿಸಿ. ಒಣಗಲಿ, ಇನ್ನೊಂದು ಸಲ ಸಿಂಪಡಿಸಿ. ಫ್ರೇಮ್ ಹಾಕಿಸುವಾಗ ಗಾಜು ಮರಳಿಗೆ ತಾಗದ ಹಾಗೆ ನಡುವೆ ಅಂತರ ಬಿಡಿಸಿ. ಆರನೆಯ ಹಾಳೆಯ ಫೋಟೋವನ್ನೂ ಇಲ್ಲಿ ಹಾಕಿ, ನೋಡೋಣ.